ಕ್ರೋಮ್ ಬಿಚ್ಚಿಟ್ಟು ನೋಡಿ: ಹಳೆಯ ಅಮೆರಿಕನ್ ಕಾರುಗಳ ಅಂತಸ್ತು ಗುರುತಿಸುವ ಬಗೆ

ಇಲ್ಲಿ ಎಷ್ಟು ಜನರ ಮನೆಯಲ್ಲಿ ಮಾರುತಿ ಇದೆ? ಕೈ ಎತ್ತಿ ನೋಡೋಣ. ಹೂಂ, ಮುಕ್ಕಾಲು ಸಭೆ. ಅದರಲ್ಲಿ ಎಲ್‌ಎಕ್ಸ್‌ಐ ಅನ್ನುವ ಅಗ್ಗದ ಬಗೆ ಕೊಂಡು ಡಿಕ್ಕಿಯ ಮೇಲೆ ದುಬಾರಿ ಬಗೆಯ ಜೆಡ್‌ಎಕ್ಸ್‌ಐ ಅಂತ ಅಂಟಿಸಿಕೊಂಡವರು ಎಷ್ಟು ಜನ? ಈಗ ಯಾರೂ ಕೈ ಎತ್ತುವುದಿಲ್ಲ, ನನಗೆ ಗೊತ್ತು. ಜೆ.ಸಿ. ರಸ್ತೆಗೆ ಹೋದರೆ ಆ ಅಕ್ಷರಗಳು ಒಂದು ಊಟದ ದುಡ್ಡಿಗೆ ಸಿಗುತ್ತವೆ. ಅಂಟಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಪಕ್ಕದ ಮನೆಯವರು ಒಂದು ದಿನ ಒಳಗೆ ಕೂತು, ಕೈಯಲ್ಲಿ ತಿರುಗಿಸುವ ಕಿಟಕಿ ನೋಡಿ, ಮನಸ್ಸಲ್ಲೇ ನಗುತ್ತಾರೆ. ಅಷ್ಟೇ.

ನಾವು ವೇರಿಯಂಟ್ ಅನ್ನುವುದನ್ನು ಅಮೆರಿಕದವರು ಟ್ರಿಮ್ ಅನ್ನುತ್ತಾರೆ. ಅದೇ ಕಾರು, ಅದೇ ತಗಡು, ಬಹುಪಾಲು ಅದೇ ಎಂಜಿನ್. ಒಂದಕ್ಕೆ ಎರಡು ಪಟ್ಟಿ ಕ್ರೋಮ್ ಜಾಸ್ತಿ, ಸೀಟಿಗೆ ಒಳ್ಳೆಯ ಬಟ್ಟೆ, ಹೆಸರು ಬೇರೆ. ಸೀರೆ ಅದೇ, ಅಂಚು ಬೇರೆ ಅಂದುಕೊಳ್ಳಿ. ಹೊಸದಾಗಿ ಕೊಳ್ಳುವಾಗ ಈ ಅಂಚಿನ ಬೆಲೆ ಸ್ವಲ್ಪ. ಐವತ್ತು ವರ್ಷ ಕಳೆದ ಮೇಲೆ ಅದೇ ಅಂಚು ಒಂದು ಮನೆಯಷ್ಟು ಬೆಲೆ ಬಾಳುತ್ತದೆ. ಆಗ ಅಂಚನ್ನು ಹೊಲಿಯುವವರೂ ಹುಟ್ಟಿಕೊಳ್ಳುತ್ತಾರೆ. ಇವತ್ತಿನ ಮಾತು ಅದರ ಬಗ್ಗೆ.

ನಾನು ಇದನ್ನು ಪುಸ್ತಕ ಓದಿ ಕಲಿಯಲಿಲ್ಲ. 500 ಡಾಲರ್ ಕಳೆದುಕೊಂಡು ಕಲಿತೆ. ಮಿಷಿಗನ್‌ನಲ್ಲಿ ಕೆಲಸ ಮಾಡುತ್ತಿದ್ದ ಕಾಲ. ಡೆಟ್ರಾಯಿಟ್ ಸುತ್ತಮುತ್ತ ಇದ್ದರೆ ಹಳೆಯ ಕಾರಿನ ಹುಚ್ಚು ಹತ್ತದೆ ಇರುವುದು ಕಷ್ಟ. ಒಂದು ಬೇಸಿಗೆಯಲ್ಲಿ ಪಕ್ಕದ ಓಹಾಯೊದ ಒಂದು ಹಳ್ಳಿಗೆ ಹೋಗಿದ್ದೆ. ಮರದ ದೊಡ್ಡ ಕೊಟ್ಟಿಗೆ. ಒಳಗೆ ಹುಲ್ಲಿನ ಕಂತೆ, ಟ್ರಾಕ್ಟರ್, ಆಮೇಲೆ ಧೂಳು ಹೊದ್ದು ನಿಂತ ಕೆಂಪು ಬಣ್ಣದ 1959ರ ಕ್ಯಾಡಿಲ್ಯಾಕ್. ಮೇಲ್ಛಾವಣಿ ಮಡಚುವಂಥದ್ದು. ಹಿಂದೆ ವಿಮಾನದ ಬಾಲದಂಥ ಎರಡು ರೆಕ್ಕೆ. ಮುಂದಿನ ಚಕ್ರದ ಹಿಂದೆ ಬಿಡಿಬಿಡಿ ಅಕ್ಷರಗಳಲ್ಲಿ 'ಎಲ್ಡೊರಾಡೊ'. ಮಾರುವವರು ವಯಸ್ಸಾದವರು. 'ಬಿಯಾರಿಟ್ಜ್, ನೋಡು' ಅಂದರು. ಮಡಚುವ ಛಾವಣಿಯ ಎಲ್ಡೊರಾಡೊದ ಹೆಸರು ಅದು. ನಾನು ನೋಡಿದೆ. ನೋಡಿದ್ದು ಸಾಲದಾಯಿತು ಅನ್ನುವುದೇ ಕಥೆ. ಅಲ್ಲೇ ನಿಂತು 500 ಡಾಲರ್ ಮುಂಗಡ ಕೊಟ್ಟುಬಿಟ್ಟೆ. ಮುಂದೆ ಏನಾಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು, ಎಲ್ಡೊರಾಡೊ ಅನ್ನುವ ಆ ಎಂಟು ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಬೆಲೆ ಯಾಕೆ ಬಂತು ಅಂತ ಹೇಳಬೇಕು.

ಕ್ಯಾಡಿಲ್ಯಾಕ್ ಮಾಡುವ ಜನರಲ್ ಮೋಟಾರ್ಸ್ ಕಂಪನಿಯನ್ನು ಮುನ್ನಡೆಸಿ ಬೆಳೆಸಿದ ಆಲ್ಫ್ರೆಡ್ ಸ್ಲೋನ್ 1920ರ ದಶಕದಲ್ಲೇ ಒಂದು ಏಣಿ ಹಾಕಿದ್ದರು. ಪ್ರತಿಯೊಬ್ಬರ ಜೇಬಿಗೂ ಒಂದು ಕಾರು ಇರಬೇಕು ಅನ್ನುವುದು ಅವರ ಲೆಕ್ಕ. ಕೆಳಗೆ ಷೆವರ್ಲೆ, ಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬಿಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲ್ಯಾಕ್. ಕೆಲಸದಲ್ಲಿ ಬಡ್ತಿ ಸಿಕ್ಕಿದ ಹಾಗೆ ಕಾರಿನಲ್ಲೂ ಒಂದು ಮೆಟ್ಟಿಲು ಹತ್ತಬೇಕು. ಸರಿ, ಕ್ಯಾಡಿಲ್ಯಾಕ್ ತನಕ ಹತ್ತಿದವನು ಮುಂದೆ ಎಲ್ಲಿಗೆ ಹತ್ತುವುದು? ಅದಕ್ಕೆ ಕ್ಯಾಡಿಲ್ಯಾಕ್ ಒಳಗೇ ಇನ್ನೊಂದು ಏಣಿ.

ತಗಡು ಒತ್ತುವ ಅಚ್ಚುಗಳು ಬಹಳ ದುಬಾರಿ. ಒಂದೊಂದು ಮೆಟ್ಟಿಲಿಗೆ ಒಂದೊಂದು ಬಾಡಿ ಮಾಡಿದರೆ ಕಂಪನಿ ಮುಳುಗುತ್ತದೆ. 1959ರಲ್ಲಂತೂ ಷೆವರ್ಲೆಯಿಂದ ಕ್ಯಾಡಿಲ್ಯಾಕ್ ತನಕ ಎಲ್ಲ ಕಾರುಗಳಿಗೂ ಮುಂದಿನ ಬಾಗಿಲು ಬ್ಯೂಕ್‌ನದೇ. ನಂಬಿ! ಹೀಗಾಗಿ ವ್ಯತ್ಯಾಸ ತೋರಿಸುವುದಕ್ಕೆ ಉಳಿಯುವುದು ಮೇಲೆ ಕೂರಿಸುವ ಸಾಮಾನು ಮಾತ್ರ. ಅದೂ ಎಲ್ಲಿ ಕೂರಿಸಬೇಕು? ಓಡಿಸುವವನಿಗೆ ಕಾಣುವ ಕಡೆ ಅಲ್ಲ, ಎದುರು ಮನೆಯವರಿಗೆ ಕಾಣುವ ಕಡೆ. ಇದನ್ನು ನೆನಪಿಡಿ. ಯಾವ ಹಳೆಯ ಅಮೆರಿಕನ್ ಕಾರಿನ ಅಂತಸ್ತು ಗೊತ್ತಾಗಬೇಕಾದರೂ ಮೊದಲು ರಸ್ತೆಯ ಆ ಬದಿಗೆ ಹೋಗಿ, ಪಕ್ಕದಿಂದ ನೋಡಿ. ಎದುರಿನಿಂದ ನೋಡಿದರೆ ಬಹಳ ಸಲ ಎಲ್ಲವೂ ಒಂದೇ.

ಇದಕ್ಕೆ ಬ್ಯೂಕ್‌ನ ತೂತುಗಳಷ್ಟು ಒಳ್ಳೆಯ ಉದಾಹರಣೆ ಇಲ್ಲ. ಮುಂದಿನ ಮಡ್‌ಗಾರ್ಡ್ ಪಕ್ಕದಲ್ಲಿ ಸಾಲಾಗಿ ದುಂಡನೆ ಕ್ರೋಮ್ ಬಳೆ ಹಾಕಿದ ತೂತುಗಳನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಬ್ಯೂಕ್‌ನ ವಿನ್ಯಾಸಗಾರ ನೆಡ್ ನಿಕಲ್ಸ್ ಸುಮ್ನೆ ತಮಾಷೆಗೆ ತಮ್ಮ ಸ್ವಂತ ಕಾರಿನ ಬಾನೆಟ್ ಪಕ್ಕದಲ್ಲಿ ತೂತು ಕೊರೆದು, ಒಳಗೆ ದೀಪ ಇಟ್ಟಿದ್ದರು. ಎಂಜಿನ್ ಜೊತೆಗೆ ಮಿಣಮಿಣ ಅನ್ನುವ ದೀಪ, ಯುದ್ಧ ವಿಮಾನದ ಹೊಗೆಕೊಳವೆಯಿಂದ ಬೆಂಕಿ ಬಂದ ಹಾಗೆ. ಬ್ಯೂಕ್‌ನ ಮುಖ್ಯಸ್ಥರಾಗಿದ್ದ ಹಾರ್ಲೊ ಕರ್ಟಿಸ್ ಅದನ್ನು ಮೆಚ್ಚಿಕೊಂಡರು. ದೀಪ ಬೇಡ, ತೂತು ಇರಲಿ ಅಂತಾಯಿತು. 1949ರಿಂದ ಬ್ಯೂಕ್‌ಗೆ ತೂತು ಬಂತು.

ಆಮೇಲೆ ಶುರುವಾಯಿತು ನೋಡಿ ಎಣಿಕೆ. ದುಬಾರಿ ರೋಡ್‌ಮಾಸ್ಟರ್‌ಗೆ ಒಂದೊಂದು ಬದಿಗೆ ನಾಲ್ಕು. ಅದಕ್ಕಿಂತ ಕೆಳಗಿನ ಸೂಪರ್‌ಗೆ ಮೂರು. ಮಕ್ಕಳು ಕೂಡ ರಸ್ತೆ ಬದಿಯಲ್ಲಿ ನಿಂತು ತೂತು ಎಣಿಸಿ ಯಾರ ಅಪ್ಪ ದೊಡ್ಡವನು ಅಂತ ಹೇಳಬಹುದಿತ್ತು. ಆದರೆ ಈ ಲೆಕ್ಕ ಎಲ್ಲ ವರ್ಷಕ್ಕೂ ಒಂದೇ ಅಲ್ಲ. 1954ರ ಸೆಂಚುರಿಗೆ ಮೂರು ತೂತು, ಮಾರನೆಯ ವರ್ಷ ಅದೇ ಸೆಂಚುರಿಗೆ ನಾಲ್ಕು. ಹೀಗಾಗಿ 'ನಾಲ್ಕಿದ್ದರೆ ರೋಡ್‌ಮಾಸ್ಟರ್' ಅಂತ ಯಾರಾದರೂ ಹೇಳಿದರೆ, ಯಾವ ವರ್ಷದ್ದು ಸ್ವಾಮಿ ಅಂತ ಕೇಳಿ. ಮೊದಲು ವರ್ಷ, ಆಮೇಲೆ ಅಂತಸ್ತು. ಈ ಕ್ರಮ ತಪ್ಪಿದರೆ ಎಲ್ಲ ತಪ್ಪುತ್ತದೆ.

ಈಗ 1959ರ ಕ್ಯಾಡಿಲ್ಯಾಕ್‌ಗೆ ಬರೋಣ. ಇದರ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ, ಯಾಕೆಂದರೆ ಇದೊಂದು ಬಂದರೆ ಉಳಿದದ್ದು ತಾನಾಗಿ ಬರುತ್ತದೆ. ಆ ವರ್ಷ ಏಣಿಯ ಕೆಳಗಿನ ಮೆಟ್ಟಿಲು ಸೀರೀಸ್ 62. ಅದರ ಮೇಲೆ ಡೆ ವಿಲ್. ಅದರ ಮೇಲೆ ಫ್ಲೀಟ್‌ವುಡ್ ಸಿಕ್ಸ್‌ಟಿ ಸ್ಪೆಷಲ್. ಆಮೇಲೆ ಎಲ್ಡೊರಾಡೊ. ಎಲ್ಡೊರಾಡೊದಲ್ಲೇ ಮೂರು ಬಗೆ: ಗಟ್ಟಿ ಛಾವಣಿಯದು ಸೆವಿಲ್, ಮಡಚುವ ಛಾವಣಿಯದು ಬಿಯಾರಿಟ್ಜ್, ನಾಲ್ಕು ಬಾಗಿಲಿನದು ಬ್ರೋಮ್. ಈ ಬ್ರೋಮ್ ಅನ್ನುವ ಪದದ ಇಂಗ್ಲಿಷ್ ಕಾಗುಣಿತ ನೋಡಿ ನಾನು ಎರಡು ವರ್ಷ 'ಬ್ರೌಘಮ್' ಅಂತ ಹೇಳಿಕೊಂಡು ತಿರುಗಿದೆ. ಅಲ್ಲಿಯವರು ಒಬ್ಬರೂ ತಿದ್ದಲಿಲ್ಲ, ಸಭ್ಯರು. ಇವೆಲ್ಲವನ್ನೂ ಬಿಟ್ಟು ಏಳೆಂಟು ಜನ ಕೂರುವ ಉದ್ದನೆಯ ಫ್ಲೀಟ್‌ವುಡ್ 75 ಬೇರೆ ಇತ್ತು. ಅದನ್ನು ಗುರುತಿಸಲು ಉಪನ್ಯಾಸ ಬೇಡ, ರಸ್ತೆ ಮುಗಿದರೂ ಅದು ಮುಗಿಯುವುದಿಲ್ಲ.

ಬೆಲೆ ಕೇಳಿ. ಕೂಪ್ ಅಂದರೆ ಎರಡು ಬಾಗಿಲಿನ ಗಟ್ಟಿ ಛಾವಣಿಯದು. 62ರ ಕೂಪ್‌ಗೆ 4,892 ಡಾಲರ್. ಅದೇ ಬಾಡಿಯ ಕೂಪ್ ಡೆ ವಿಲ್‌ಗೆ 5,252. ಮಡಚುವ ಛಾವಣಿಯ 62ಕ್ಕೆ 5,455, ಬಿಯಾರಿಟ್ಜ್‌ಗೆ 7,401. ಕೊನೆಯ ಎರಡನ್ನು ಗಮನಿಸಿ. ಎರಡಕ್ಕೂ ಒಂದೇ ಬಾಡಿ, ಒಂದೇ 130 ಅಂಗುಲದ ಚಕ್ರಾಂತರ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ), ಅದೇ ರೆಕ್ಕೆ, ರೆಕ್ಕೆಯಲ್ಲಿ ಅದೇ ಜೋಡಿ ಬುಲೆಟ್ ದೀಪ. ಎರಡು ಸಾವಿರ ಡಾಲರ್ ವ್ಯತ್ಯಾಸ. ಆ ವರ್ಷ 62ರ ಮಡಚುವ ಕಾರು 11,130 ತಯಾರಾದವು. ಬಿಯಾರಿಟ್ಜ್ ಬರೀ 1,320. ನಕಲಿ ಎಲ್ಲಿಂದ ಹುಟ್ಟುತ್ತದೆ ಅಂತ ಈ ನಾಲ್ಕು ಅಂಕಿಗಳೇ ಹೇಳುತ್ತವೆ, ಅಲ್ವಾ?

ರಸ್ತೆಯ ಆ ಬದಿಯಿಂದ ನೋಡುತ್ತಿದ್ದೇವೆ ಅಂದುಕೊಳ್ಳಿ. 62ರ ಪಕ್ಕದಲ್ಲಿ ಮುಂದಿನ ಚಕ್ರದಿಂದ ಹಿಂದಿನ ಬಂಪರ್ ತನಕ ನೆಟ್ಟಗೆ ಒಂದೇ ಒಂದು ಕ್ರೋಮ್ ಪಟ್ಟಿ. ಅದರ ಮೂತಿಯ ಕೆಳಗೆ ಮುಂದಿನ ಮಡ್‌ಗಾರ್ಡ್ ಮೇಲೆ ಕ್ಯಾಡಿಲ್ಯಾಕ್ ಲಾಂಛನ. ಡೆ ವಿಲ್‌ಗೂ ಅದೇ ಪಟ್ಟಿ. ಆದರೆ ಹಿಂದಿನ ಮಡ್‌ಗಾರ್ಡ್ ಮೇಲೆ ಕೈಬರಹದಂತೆ 'ಕೂಪ್ ಡೆ ವಿಲ್' ಅಥವಾ 'ಸೆಡಾನ್ ಡೆ ವಿಲ್' ಅಂತ ಬರೆದಿರುತ್ತದೆ. ಹೊರಗೆ ಹೆಚ್ಚು ಕಮ್ಮಿ ಇಷ್ಟೇ. ಒಳಗೆ ಕೂತರೆ ಡೆ ವಿಲ್‌ಗೆ ಗುಂಡಿ ಒತ್ತಿದರೆ ಇಳಿಯುವ ಕಿಟಕಿ, ಗುಂಡಿ ಒತ್ತಿದರೆ ಸರಿಯುವ ಸೀಟು. 62ರ ಕೂಪ್, ಸೆಡಾನ್‌ಗಳಲ್ಲಿ ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತು. ಕೆಲವರು ಕೊಟ್ಟಿದ್ದರು. ಹೀಗಾಗಿ ಕಿಟಕಿ ಒಂದನ್ನೇ ನಂಬಬೇಡಿ.

ಸಿಕ್ಸ್‌ಟಿ ಸ್ಪೆಷಲ್‌ನ ಗುರುತು ಸುಲಭ. ಹಿಂದಿನ ಮಡ್‌ಗಾರ್ಡ್ ಮೇಲೆ ಗಾಳಿ ಒಳಗೆ ಹೋಗುವ ಬಾಯಿಯ ಹಾಗೆ ಕಾಣುವ ಒಂದು ತುಂಡು ಇರುತ್ತದೆ. ಗಾಳಿ ಎಲ್ಲಿಗೂ ಹೋಗುವುದಿಲ್ಲ, ಬರೀ ಶೋ. ನನ್ನನ್ನು ಕೇಳಿದರೆ ಆ ಕಾರಿನ ಅಂದ ಕೆಡಿಸಿದ್ದೇ ಅದು.

ಎಲ್ಡೊರಾಡೊಗೆ ಮಾತ್ರ ಪಟ್ಟಿಯ ದಾರಿಯೇ ಬೇರೆ. ಬಾಗಿಲ ಕೆಳಗಿನ ಅಂಚಿನಲ್ಲಿ ಅಗಲವಾದ ಹೊಳೆಯುವ ಪಟ್ಟಿ ಹೊರಟು ಹಿಂದಕ್ಕೆ ಹೋಗುತ್ತದೆ, ಹಿಂದಿನ ಮಡ್‌ಗಾರ್ಡ್ ಹತ್ತಿ ತಿರುಗುತ್ತದೆ, ಕಿಟಕಿಯ ಕೆಳಗಿನ ಸಾಲಿನಲ್ಲಿ ಮತ್ತೆ ಮುಂದಕ್ಕೆ ಬರುತ್ತದೆ. ಇಡೀ ಕಾರಿಗೆ ಅಂಚು ಕಟ್ಟಿದ ಹಾಗೆ. ನಡುವೆ, 62ಕ್ಕೆ ಪಟ್ಟಿ ಇರುವ ಜಾಗ, ಖಾಲಿ ಬಣ್ಣ. ಈ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ. ನನ್ನ ಕಥೆ ಅಲ್ಲೇ ಇದೆ.

ಇಲ್ಲಿ ಎರಡು ಗೊಂದಲ ತೆಗೆದುಬಿಡುತ್ತೇನೆ. ಒಂದು, ಛಾವಣಿ. 1959ರ ನಾಲ್ಕು ಬಾಗಿಲಿನ ಕ್ಯಾಡಿಲ್ಯಾಕ್‌ನಲ್ಲಿ ಎರಡು ಬಗೆ ಛಾವಣಿ ಇತ್ತು. ಒಂದು ಹಲಗೆಯ ಹಾಗೆ ಚಪ್ಪಟೆ, ಹಿಂದಕ್ಕೆ ಚಾಚಿಕೊಂಡಿರುತ್ತದೆ, ಹಿಂದಿನ ಗಾಜು ಸುತ್ತಿಕೊಂಡಿರುತ್ತದೆ. ಇನ್ನೊಂದಕ್ಕೆ ಹಿಂದಿನ ಬಾಗಿಲು ಆದ ಮೇಲೆ ಮತ್ತೊಂದು ಸಣ್ಣ ಗಾಜು. ನಾಲ್ಕು ಕಿಟಕಿಯದು, ಆರು ಕಿಟಕಿಯದು ಅಂತ ಕರೆಯುತ್ತಾರೆ. ಚಪ್ಪಟೆಯದು ಜಾಸ್ತಿ ಬೆಲೆಯದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. 62ರಲ್ಲೂ ಎರಡೂ ಇತ್ತು, ಡೆ ವಿಲ್‌ನಲ್ಲೂ ಎರಡೂ ಇತ್ತು. ಅದು ಗಿರಾಕಿಯ ಇಷ್ಟ, ಅಂತಸ್ತಲ್ಲ.

ಎರಡನೆಯದು, '1959ರ ಡೆ ವಿಲ್ ಕನ್ವರ್ಟಿಬಲ್'. ಮದುವೆಗೆ ಬಾಡಿಗೆ ಕೊಡುವವರಿಂದ ಹಿಡಿದು ಕ್ಯಾಲೆಂಡರ್ ಅಚ್ಚು ಹಾಕುವವರ ತನಕ ಎಲ್ಲರೂ ಹೇಳುವ ಮಾತಿದು. ಅಂಥ ಕಾರೇ ಇರಲಿಲ್ಲ. ಡೆ ವಿಲ್‌ಗೆ ಮಡಚುವ ಛಾವಣಿ ಬಂದದ್ದು 1964ರಲ್ಲಿ. 1959ರಲ್ಲಿ ಛಾವಣಿ ಮಡಚುತ್ತದೆ ಅಂದರೆ ಒಂದೋ 62, ಇಲ್ಲವೋ ಬಿಯಾರಿಟ್ಜ್. ಹಿಂದೆ 'ಡೆ ವಿಲ್' ಅಂತ ಬರೆದಿದ್ದರೆ ಯಾರೋ ಆಮೇಲೆ ಹಚ್ಚಿದ್ದು.

ಸರಿ, ಮತ್ತೆ ಕೊಟ್ಟಿಗೆಗೆ. ಮುಂಗಡ ಕೊಟ್ಟು ಮನೆಗೆ ಬಂದೆ. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜ ಇದ್ದರು. ಜೀವಮಾನವಿಡೀ ಟಿಂಕರಿಂಗ್ ಕೆಲಸ ಮಾಡಿ ನಿವೃತ್ತರಾದವರು. ಅವರ ಹತ್ತಿರ ಹೋಗಿ ಬೀಗುತ್ತಾ ಹೇಳಿದೆ. ಅವರು ಖುಷಿಪಡಲಿಲ್ಲ. ಮೂರು ಪ್ರಶ್ನೆ ಕೇಳಿದರು. ನಂಬರಿನಲ್ಲಿ ಅಕ್ಷರ ಯಾವುದು? ತಗಡಿನ ಪಟ್ಟಿಯಲ್ಲಿ ಏನಿದೆ? ಮಡ್‌ಗಾರ್ಡ್ ಒಳಗೆ ಕೈ ಹಾಕಿ ನೋಡಿದೆಯಾ? ಮೂರಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. 'ಹಾಗಾದರೆ ನೀನು ಕಾರು ನೋಡಿಲ್ಲ, ಕ್ರೋಮ್ ನೋಡಿ ಬಂದಿದ್ದೀಯ' ಅಂದರು.

ಆ ಮೂರು ಪ್ರಶ್ನೆಯನ್ನು ಒಂದೊಂದಾಗಿ ಬಿಡಿಸುತ್ತೇನೆ. ಬೇಕಾದವರು ಬರೆದುಕೊಳ್ಳಿ.

ಆ ಕಾಲದ ಕ್ಯಾಡಿಲ್ಯಾಕ್‌ಗೆ ಕಾರ್ಖಾನೆಯೇ ಕೊಟ್ಟ ನಂಬರು (ನಂಬರ್ ಪ್ಲೇಟ್ ಅಲ್ಲ) ಹೀಗಿರುತ್ತದೆ: ಮೊದಲು 59, ಅದು ವರ್ಷ. ಆಮೇಲೆ ಒಂದು ಇಂಗ್ಲಿಷ್ ಅಕ್ಷರ. ಆಮೇಲೆ ಸಾಲು ಸಂಖ್ಯೆ. ಆ ಒಂದು ಅಕ್ಷರವೇ ಜಾತಕ. ಬಿಯಾರಿಟ್ಜ್ ಆದರೆ 'ಇ'. 62ರ ಮಡಚುವ ಕಾರಾದರೆ 'ಎಫ್'. ಸೆವಿಲ್ ಆದರೆ 'ಎಚ್'. ಇದೇ ನಂಬರು ಎಂಜಿನ್ ಮೇಲೂ ಕೊರೆದಿರುತ್ತದೆ, ಕಾಗದಪತ್ರದಲ್ಲೂ ಇರುತ್ತದೆ. ಎರಡೂ ಹೊಂದಬೇಕು.

ಎರಡನೆಯದು ಬಾಡಿ ಪಟ್ಟಿ. ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ಗೋಡೆಗೆ ಬಡಿದಿರುವ ಸಣ್ಣ ತಗಡು. ಅದರಲ್ಲಿ ಬಾಡಿಯ ನಂಬರು, ಬಣ್ಣದ ನಂಬರು, ಸೀಟಿನ ಬಟ್ಟೆಯ ನಂಬರು ಎಲ್ಲ ಇರುತ್ತದೆ. ನಮಗೆ ಬೇಕಾದದ್ದು ಸ್ಟೈಲ್ ನಂಬರು. ನಾಲ್ಕು ಅಂಕಿ. ಇದು ನನಗೆ ಬಹಳ ಇಷ್ಟವಾದ ಲೆಕ್ಕ, ಏಣಿ ಇಡೀ ಇಲ್ಲಿ ಬರೆದಿಟ್ಟಿದ್ದಾರೆ. ಮೊದಲ ಎರಡು ಅಂಕಿ ಮೆಟ್ಟಿಲು: 62 ಅಂದರೆ ಸೀರೀಸ್ 62, 63 ಅಂದರೆ ಡೆ ವಿಲ್, 64 ಅಂದರೆ ಎಲ್ಡೊರಾಡೊ. ಕೊನೆಯ ಎರಡು ಅಂಕಿ ಆಕಾರ: 37 ಅಂದರೆ ಎರಡು ಬಾಗಿಲಿನ ಗಟ್ಟಿ ಛಾವಣಿ, 67 ಅಂದರೆ ಮಡಚುವ ಛಾವಣಿ, 29 ಆರು ಕಿಟಕಿ, 39 ನಾಲ್ಕು ಕಿಟಕಿ. ಈಗ ನೀವೇ ಹೇಳಿ, 6337 ಯಾವುದು? ಹಾಂ, ಹಿಂದೆ ಕೂತವರು ಸರಿಯಾಗಿ ಹೇಳಿದರು, ಕೂಪ್ ಡೆ ವಿಲ್. 6467? ಬಿಯಾರಿಟ್ಜ್. 6367? ... ಯಾರೂ ಹೇಳುತ್ತಿಲ್ಲ. ಒಳ್ಳೆಯದು. ಅದು 1959ರಲ್ಲಿ ಇಲ್ಲವೇ ಇಲ್ಲ.

ಪಟ್ಟಿಯನ್ನೂ ಕಿತ್ತು ಬೇರೆ ಕಾರಿನದು ಬಡಿಯಬಹುದಲ್ಲ ಅಂತ ಕೇಳುತ್ತೀರಿ. ಬಡಿಯಬಹುದು. ಬಡಿದಿದ್ದಾರೆ. ಅದಕ್ಕೇ ಅಜ್ಜನ ಮೂರನೆಯ ಪ್ರಶ್ನೆ. ಕ್ರೋಮ್ ಪಟ್ಟಿ ತಗಡಿನ ಮೇಲೆ ಅಂಟಿನಿಂದ ನಿಂತಿರುವುದಿಲ್ಲ. ತಗಡಿಗೆ ತೂತು ಕೊರೆದು ಕ್ಲಿಪ್ ಹಾಕಿ ಕೂರಿಸಿರುತ್ತಾರೆ. 62ನ್ನು ಬಿಯಾರಿಟ್ಜ್ ಮಾಡಬೇಕಾದರೆ ನಡುವಿನ ಪಟ್ಟಿ ತೆಗೆಯಬೇಕು. ಪಟ್ಟಿ ಹೋಗುತ್ತದೆ, ತೂತು ಎಲ್ಲಿಗೆ ಹೋಗುತ್ತದೆ? ಅದನ್ನು ಮುಚ್ಚಬೇಕು. ಒಳ್ಳೆಯ ಕೆಲಸಗಾರ ಬೆಸುಗೆ ಹಾಕುತ್ತಾನೆ, ಸೋಮಾರಿ ಪುಟ್ಟಿ ತುಂಬುತ್ತಾನೆ. ಹೊರಗಡೆ ಉಜ್ಜಿ ಬಣ್ಣ ಹೊಡೆದರೆ ಕಾಣುವುದಿಲ್ಲ. ಆದರೆ ಡಿಕ್ಕಿಯ ಒಳಗಿನಿಂದ ಮಡ್‌ಗಾರ್ಡ್‌ನ ಹಿಂಬದಿಗೆ ಟಾರ್ಚ್ ಹಾಕಿ ನೋಡಿ, ಅಥವಾ ಬೆರಳಾಡಿಸಿ. ಒಂದೇ ಅಂತರದಲ್ಲಿ ಸಾಲಾಗಿ ಗಂಟು ಗಂಟು ಸಿಗುತ್ತದೆ. ಹೊರಗೆ ಫ್ರಿಜ್ ಮೇಲೆ ಅಂಟಿಸುವ ಅಯಸ್ಕಾಂತ ಹಿಡಿದು ಜಾರಿಸಿಕೊಂಡು ಹೋಗಿ. ತಗಡಿರುವ ಕಡೆ ಹಿಡಿದುಕೊಳ್ಳುತ್ತದೆ, ಪುಟ್ಟಿ ದಪ್ಪ ಇರುವ ಕಡೆ ಕೈಬಿಡುತ್ತದೆ.

ಮುಂದಿನ ಶನಿವಾರ ಅಜ್ಜನನ್ನೂ ಕರೆದುಕೊಂಡು ಹೋದೆ. ಅವರು ಬಾನೆಟ್ ಎತ್ತಲೂ ಇಲ್ಲ. ಸೀದಾ ಡಿಕ್ಕಿ ತೆಗೆಸಿ, ಸ್ಟೆಪ್ನಿ ಪಕ್ಕದಲ್ಲಿ ಬಗ್ಗಿ ಕೈ ಒಳಗೆ ತೂರಿಸಿದರು. ಒಂದು ನಿಮಿಷ. ಆಮೇಲೆ ನನ್ನ ಕೈ ಹಿಡಿದು ಅಲ್ಲೇ ಇಟ್ಟರು. ಒಂದು ಗಂಟು, ಒಂದು ಗೇಣು ಬಿಟ್ಟು ಇನ್ನೊಂದು ಗಂಟು, ಇನ್ನೊಂದು ಗೇಣು ಬಿಟ್ಟು ಇನ್ನೊಂದು. ನೆಟ್ಟಗೆ. ಖಾಲಿ ಇರಬೇಕಾದ ಜಾಗದಲ್ಲಿ. ಕಾಗದ ತರಿಸಿ ನೋಡಿದರೆ 59, ಆಮೇಲೆ 'ಎಫ್'. ಎಂಜಿನ್ ಮೇಲೂ ಅದೇ. ಪುಣ್ಯಕ್ಕೆ ಯಾರೂ ನಂಬರು ತಿದ್ದಿರಲಿಲ್ಲ. ಅಂದರೆ ಆ ಕಾಗದ ನಾನು ಮುಂಗಡ ಕೊಟ್ಟ ದಿನವೂ ಅಲ್ಲೇ ಇತ್ತು, ನಾನು ಕೇಳಿರಲಿಲ್ಲ ಅಷ್ಟೇ. ಮಾರುವವರಿಗೆ ನಿಜವಾಗಿ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಹೇಳಲಾರೆ. ಅವರ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಮುಂಗಡ ವಾಪಸ್ಸು ಕೊಡಲಿಲ್ಲ. ಬರುವಾಗ ದಾರಿಯಲ್ಲಿ ಅಜ್ಜ ಒಂದೇ ಮಾತು ಹೇಳಿದ್ದು: 'ಫೀಸು ಕಡಿಮೆಯೇ ಆಯಿತು.'

ಇನ್ನೊಂದು ಮಾತು. ಅಲ್ಲಿ ನಾನು ಬಾನೆಟ್ ಎತ್ತಿ, ಒಂದರ ಹಿಂದೆ ಒಂದು ಮೂರು ಕಾರ್ಬೊರೇಟರ್ ಇರುವುದನ್ನು ನೋಡಿ ಬಿಯಾರಿಟ್ಜ್ ಅಂತ ಇನ್ನಷ್ಟು ನಂಬಿದ್ದೆ. 1959ರ ಕ್ಯಾಡಿಲ್ಯಾಕ್ ಎಂಜಿನ್ 390 ಘನ ಅಂಗುಲದ್ದು, ಮಾಮೂಲಿ ಕಾರಿನಲ್ಲಿ 325 ಹಾರ್ಸ್‌ಪವರ್, ಎಲ್ಡೊರಾಡೊದಲ್ಲಿ ಮೂರು ಕಾರ್ಬೊರೇಟರ್ ಹಾಕಿ 345. ಆದರೆ ಹೆಚ್ಚಿಗೆ ದುಡ್ಡು ಕೊಟ್ಟರೆ ಅದೇ ಎಂಜಿನ್ ಬೇರೆ ಕ್ಯಾಡಿಲ್ಯಾಕ್‌ಗೂ ಸಿಗುತ್ತಿತ್ತು. ಹಾಗೇ ಉಲ್ಟಾನೂ ಇದೆ. ಎಲ್ಡೊರಾಡೊಗೆ ಕಂಪನಿಯಿಂದ ಗಾಳಿ ತುಂಬಿದ ಸಸ್ಪೆನ್ಷನ್ ಬರುತ್ತಿತ್ತು. ಅದು ಸೋರಿ ಸೋರಿ ಸಾಕಾಗಿ ಬಹಳ ಜನ ಸ್ಪ್ರಿಂಗ್ ಹಾಕಿಸಿಕೊಂಡರು. ಸ್ಪ್ರಿಂಗ್ ಇದೆ ಅಂದಮಾತ್ರಕ್ಕೆ ನಕಲಿ ಅಲ್ಲ.

ಕೆಲವು ಕಾರುಗಳನ್ನು ನಕಲು ಮಾಡಲು ಯಾರಿಗೂ ಧೈರ್ಯ ಬರುವುದಿಲ್ಲ. 1957, 58ರ ಎಲ್ಡೊರಾಡೊ ಬ್ರೋಮ್ ಅಂಥದ್ದು. ಛಾವಣಿಯೇ ಸ್ಟೇನ್‌ಲೆಸ್ ಸ್ಟೀಲ್, ನಮ್ಮ ಅಡುಗೆಮನೆ ಪಾತ್ರೆಯ ಹಾಗೆ. ಬಾಗಿಲುಗಳು ಬೀರುವಿನ ಹಾಗೆ ನಡುವಿನಿಂದ ಎರಡು ಕಡೆಗೆ ತೆರೆಯುತ್ತವೆ, ನಡುವೆ ಕಂಬವಿಲ್ಲ. ಒಳಗೆ ಅಯಸ್ಕಾಂತದಿಂದ ನಿಲ್ಲುವ ಲೋಟಗಳು, ಸೆಂಟಿನ ಸೀಸೆ. ಎರಡು ವರ್ಷದಲ್ಲಿ 704 ಮಾತ್ರ ಮಾಡಿದರು. 1959, 60ರ ಬ್ರೋಮ್ ಅನ್ನು ಇಟಲಿಯ ಪಿನಿನ್‌ಫಾರಿನಾದಲ್ಲಿ ಮಾಡಿಸಿದರು, ಎರಡೂ ವರ್ಷ ಸೇರಿ ಇನ್ನೂರು. ಇವೆಲ್ಲ ಬಾಡಿಯೇ ಬೇರೆ. ನಕಲಿ ಹುಟ್ಟುವುದು ಬಾಡಿ ಒಂದೇ ಇದ್ದು ಬೆಲೆ ಬೇರೆ ಇರುವ ಕಡೆ ಮಾತ್ರ.

ಪ್ರತಿಸ್ಪರ್ಧಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕ್ರೈಸ್ಲರ್‌ನವರ ಇಂಪೀರಿಯಲ್ ಇತ್ತು. 1957ರಲ್ಲಿ ಅದಕ್ಕೆ ಮೂರು ಮೆಟ್ಟಿಲು: ಬರೀ ಇಂಪೀರಿಯಲ್, ಕ್ರೌನ್, ಲೆಬ್ಯಾರನ್. ಕ್ರೌನ್ ಗುರುತಿಸಲು ಹತ್ತಿರ ಹೋಗಬೇಕು. ಮುಂದಿನ ಮಡ್‌ಗಾರ್ಡ್ ಮೇಲೆ ಇಂಪೀರಿಯಲ್ ಅಂತ ಬರೆದಿರುವುದರಲ್ಲಿ ಎರಡನೆಯ 'ಐ' ಅಕ್ಷರದ ಮೇಲೆ ಚುಕ್ಕಿಯ ಬದಲು ಪುಟ್ಟ ಕಿರೀಟ. ಇಷ್ಟು ಸೂಕ್ಷ್ಮ ಮಾಡಿದ್ದಕ್ಕೇ ಕ್ಯಾಡಿಲ್ಯಾಕ್ ಮುಂದೆ ಅದು ಓಡಲಿಲ್ಲವೇನೋ ಅಂತ ನನ್ನ ಅನುಮಾನ. ಎದುರು ಮನೆಯವರಿಗೆ ಕಿರೀಟ ಎಲ್ಲಿ ಕಾಣುತ್ತದೆ! 1960ರ ಲೆಬ್ಯಾರನ್ ಮಾತ್ರ ದೂರದಿಂದಲೇ ಗೊತ್ತಾಗುತ್ತದೆ. ಹಿಂದಿನ ಗಾಜು ಬೇಕೆಂದೇ ಚಿಕ್ಕದು, ಒಳಗೆ ಕೂತ ಯಜಮಾನರು ಯಾರಿಗೂ ಕಾಣದಿರಲಿ ಅಂತ.

ಫೋರ್ಡ್ ಕಂಪನಿಯ ಲಿಂಕನ್‌ನವರು 1958ರಲ್ಲಿ ಕಾಪ್ರಿ, ಪ್ರೀಮಿಯರ್, ಅದರ ಮೇಲೆ ಕಾಂಟಿನೆಂಟಲ್ ಅಂತ ಏಣಿ ಹಾಕಿದ್ದರು. ಕಾಂಟಿನೆಂಟಲ್‌ನ ಹಿಂದಿನ ಗಾಜು ಒಳಮುಖವಾಗಿ ವಾಲಿರುತ್ತದೆ, ಗುಂಡಿ ಒತ್ತಿದರೆ ಕೆಳಗೂ ಇಳಿಯುತ್ತದೆ. ಅದು ಕ್ರೋಮ್ ಅಲ್ಲ, ಛಾವಣಿಯ ಆಕಾರ. ಕಿತ್ತು ಹಚ್ಚುವಂಥದ್ದಲ್ಲ. 1961ರಲ್ಲಿ ಅವರು ಏಣಿಯನ್ನೇ ಎಸೆದರು. ಒಂದೇ ಕಾಂಟಿನೆಂಟಲ್, ಸೆಡಾನ್ ಅಥವಾ ಮಡಚುವ ಛಾವಣಿ. ಅಂತಸ್ತು ಕೇಳುವಂತೆಯೇ ಇಲ್ಲ. ವರ್ಷ ಮಾತ್ರ ಕೇಳಬೇಕು. 1963ರ ತನಕ ಪಕ್ಕದ ಗಾಜು ಬಾಗಿರುತ್ತದೆ, 1964ರಲ್ಲಿ ಚಪ್ಪಟೆಯಾಯಿತು, ಚಕ್ರಾಂತರ 123 ಅಂಗುಲದಿಂದ 126 ಆಯಿತು. ಇಷ್ಟು ಸಾಕು.

ಮಧ್ಯದಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. 'ನಮ್ಮ ತಾತನ ಹತ್ತಿರ ಡಾಡ್ಜ್ ಇತ್ತು, ಪಕ್ಕದ ಊರಿನವರ ಹತ್ತಿರ ಪ್ಲೈಮೌತ್ ಇತ್ತು, ಎರಡೂ ಒಂದೇ ಥರ ಇತ್ತು ಅಂತ ಅಜ್ಜಿ ಹೇಳುತ್ತಾರೆ, ನಿಜವೇ?' ನಿಮ್ಮ ಅಜ್ಜಿ ಸರಿಯಾಗಿ ನೋಡಿದ್ದಾರೆ. ಬೊಂಬಾಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಲ್ಲಿ ಡಾಡ್ಜ್ ಕಿಂಗ್ಸ್‌ವೇ, ಪ್ಲೈಮೌತ್ ಸವಾಯ್, ಡಿಸೋಟೊ ಡಿಪ್ಲೊಮ್ಯಾಟ್ ಅಂತ ಮೂರು ಹೆಸರಿನಲ್ಲಿ ಒಂದೇ ಕಾರನ್ನು ಜೋಡಿಸುತ್ತಿದ್ದರು. ಇಲ್ಲಿ ಏಣಿಯೂ ಇಲ್ಲ, ಬರೀ ಹೆಸರಿನ ಫಲಕ. ಮುಂದಿನ ಸಲ ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ. ಹೆಸರು ಓದುವ ಮೊದಲು ಬಾಗಿಲು, ಛಾವಣಿ, ಗಾಜು ನೋಡಿ. ಒಳ್ಳೆಯ ಅಭ್ಯಾಸ. ಅಲ್ಲಿ ಮುಟ್ಟಬೇಡಿ, ಬೈಸಿಕೊಳ್ಳುತ್ತೀರಿ.

ಎಪ್ಪತ್ತರ ದಶಕಕ್ಕೆ ಬಂದರೆ ಕೆಲಸ ಕಷ್ಟವಾಗುತ್ತದೆ. ರೆಕ್ಕೆ ಹೋಯಿತು, ಛಾವಣಿಗೆ ರೆಕ್ಸಿನ್ ಹೊದಿಸುವ ಕಾಲ ಬಂತು. ಎಲ್ಲ ಕಾರೂ ಸೋಫಾ ಸೆಟ್ಟಿನ ಹಾಗೆ. ಆಗ ಲಾಂಛನ ನೋಡಿ. ಅರವತ್ತು, ಎಪ್ಪತ್ತರ ದಶಕದಲ್ಲಿ ಡೆ ವಿಲ್ ಮೇಲೆ ಲಾಂಛನ, ಅದರ ಕೆಳಗೆ 'ವಿ'. ಫ್ಲೀಟ್‌ವುಡ್ ಅನ್ನುವ ಹೆಸರಿರುವ ಕಾರಿಗೆ ಲಾಂಛನದ ಸುತ್ತ ಎಲೆಗಳ ಹಾರ. ಹಾರ ಇದ್ದರೆ ಮೇಲಿನ ಮೆಟ್ಟಿಲು. ಹಾರವೂ ಬಿಚ್ಚಿ ಹಾಕುವಂಥದ್ದೇ ಅಲ್ವಾ? ಅದಕ್ಕೆ ಜೇಬಿನಲ್ಲಿ ಟೇಪ್ ಇಟ್ಟುಕೊಳ್ಳಿ. 1971ರಿಂದ 1976ರ ತನಕ ಡೆ ವಿಲ್‌ನ ಚಕ್ರಾಂತರ 130 ಅಂಗುಲ, ಫ್ಲೀಟ್‌ವುಡ್ ಬ್ರೋಮ್‌ನದು 133. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. ಮೂರು ಅಂಗುಲ ಯಾರೂ ಹಚ್ಚಲಾರರು. 1977ರಲ್ಲಿ ಕಾರುಗಳನ್ನು ಚಿಕ್ಕದು ಮಾಡಿದಾಗ ಎರಡಕ್ಕೂ 121.5 ಅಂಗುಲವೇ ಆಯಿತು. ಅಲ್ಲಿಂದ ಟೇಪ್ ಉಪಯೋಗಕ್ಕಿಲ್ಲ, ಮತ್ತೆ ನಂಬರೇ ಗತಿ.

ಒಳಗಿನ ಸೀಟು ಈ ದಶಕದಲ್ಲಿ ದೊಡ್ಡ ವಿಷಯ. 1972ರಲ್ಲಿ ಓಲ್ಡ್ಸ್‌ಮೊಬಿಲ್ ತನ್ನ 75ನೇ ವರ್ಷಕ್ಕೆ ನೈಂಟಿ ಎಯ್ಟ್ ರೀಜೆನ್ಸಿ ಅಂತ 2,650 ಕಾರು ಮಾಡಿತು. ದಿಂಬುಗಳನ್ನು ಹೊಲಿದಿಟ್ಟ ಹಾಗಿರುವ ಸೀಟು, ಡ್ಯಾಶ್‌ಬೋರ್ಡ್‌ನಲ್ಲಿ ಟಿಫನಿ ಅನ್ನುವ ಆಭರಣದ ಕಂಪನಿಯ ಹೆಸರಿನ ಗಡಿಯಾರ. 1974ರಲ್ಲಿ ಕ್ಯಾಡಿಲ್ಯಾಕ್ ಕೂಡ ದಿಂಬಿನ ಸೀಟನ್ನು 'ಡೆಲಿಗಾನ್ಸ್' ಅಂತ ಮಾರಿತು. ಅದೇ ವರ್ಷದ ಟ್ಯಾಲಿಸ್ಮನ್‌ನಲ್ಲಿ ಅಷ್ಟು ದೊಡ್ಡ ಕಾರಿಗೆ ನಾಲ್ಕೇ ಸೀಟು. ನಡುವೆ ಹಿಂದೆ ಮುಂದೆ ಪೆಟ್ಟಿಗೆ ಇಟ್ಟು ಐದನೆಯವನಿಗೆ ಜಾಗವೇ ಇಲ್ಲದ ಹಾಗೆ ಮಾಡಿದ್ದರು. ನಮ್ಮ ಕಡೆ ಅಂಥ ಕಾರಿನಲ್ಲಿ ಒಂಬತ್ತು ಜನ ಮದುವೆಗೆ ಹೋಗುತ್ತಿದ್ದರು.

1976ರ ಲಿಂಕನ್ ಮಾರ್ಕ್ ಫೋರ್ ಇನ್ನೂ ಮಜಾ. ಕಾರ್ಟಿಯೆ, ಜಿವೆನ್‌ಷಿ, ಪುಚಿ, ಬಿಲ್ ಬ್ಲಾಸ್ ಅಂತ ನಾಲ್ಕು ಹೆಸರಾಂತ ವಿನ್ಯಾಸಗಾರರ ಹೆಸರಿನಲ್ಲಿ ನಾಲ್ಕು ಬಗೆ. ಹಿಂದಿನ ಪುಟ್ಟ ಅಂಡಾಕಾರದ ಗಾಜಿನ ಮೇಲೆ ಅವರ ರುಜು. ಡ್ಯಾಶ್‌ಬೋರ್ಡ್ ಮೇಲೆ 22 ಕ್ಯಾರಟ್ ಚಿನ್ನದ ಲೇಪದ ಫಲಕ, ಬೇಕಾದರೆ ಅದರ ಮೇಲೆ ಮಾಲೀಕರ ಹೆಸರು ಕೊರೆಸಿಕೊಳ್ಳಬಹುದಿತ್ತು. ಇಲ್ಲಿ ಗುರುತು ಸಿಗುವುದು ಬಣ್ಣದಲ್ಲಿ. ಒಬ್ಬೊಬ್ಬರಿಗೂ ಹೊರಗಿನ ಬಣ್ಣ, ಛಾವಣಿ, ಸೀಟು ಎಲ್ಲ ಸೇರಿ ಒಂದೊಂದೇ ಜೋಡಿ. ಕಾರ್ಟಿಯೆ ಅಂದರೆ ಪಾರಿವಾಳದ ಬೂದು. ರುಜು ಕಾರ್ಟಿಯೆಯದು, ಕಾರು ಹಸಿರು ಅಂತಿದ್ದರೆ ಕೈಮುಗಿದು ಮುಂದೆ ಹೋಗಿ.

ಕೊನೆಗೆ ನೀವು ಯಾವ ಕಾರು ಕೊಂಡಿರಿ ಅಂತ ಊಟದ ಮುಂಚೆ ಮೂರು ಜನ ಕೇಳಿದರು. 1965ರ ಕ್ಯಾಡಿಲ್ಯಾಕ್ ಕ್ಯಾಲೆ. ಹೆಸರು ಕೇಳಿಲ್ಲ ಅಲ್ವಾ? ಆ ವರ್ಷ ಸೀರೀಸ್ 62 ಅನ್ನುವ ಹೆಸರು ಹೋಗಿ ಬಂದ ಕೆಳಗಿನ ಮೆಟ್ಟಿಲು ಅದು. ಕೈಯಲ್ಲಿ ತಿರುಗಿಸುವ ಕಿಟಕಿ, ಕೈಯಲ್ಲಿ ಎಳೆಯುವ ಸೀಟು. ಡೆ ವಿಲ್‌ಗೆ ಅವೆರಡೂ ಮಾಮೂಲಾಗಿ ಕರೆಂಟಿನವು. ಕ್ಯಾಡಿಲ್ಯಾಕ್‌ನಲ್ಲಿ ಕಿಟಕಿಯ ಹಿಡಿ ತಿರುಗಿಸುವುದನ್ನು ನೋಡಿ ಜನ ನಗುತ್ತಾರೆ. ನನ್ನ ಹೆಂಡತಿ ಮೊದಲ ದಿನವೇ ನಕ್ಕಳು.

ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಹಳೆಯ ಕಾರಿನ ಬಿಡಿಭಾಗಗಳ ಜಾತ್ರೆ ನಡೆಯುತ್ತದೆ. ನಮ್ಮ ದನದ ಜಾತ್ರೆಯಷ್ಟೇ ದೊಡ್ಡದು, ಒಂದು ಕಾಲದಲ್ಲಿ ಕೆಸರೂ ಅಷ್ಟೇ ಇತ್ತು. ಅಲ್ಲಿ ಒಂದು ವರ್ಷ ಕಿಟಕಿಯ ಹಿಡಿ ಹುಡುಕುತ್ತಿದ್ದೆ. ಅಂಗಡಿಯವನು ಹಿಡಿ ಕೊಟ್ಟ. ನನ್ನದು ಕ್ಯಾಲೆ ಅಂತ ಗೊತ್ತಾಗಿ ಪಾಪ ಅನ್ನಿಸಿತೋ ಏನೋ, ಪೆಟ್ಟಿಗೆಯಿಂದ 'ಕೂಪ್ ಡೆ ವಿಲ್' ಅನ್ನುವ ಎರಡು ಬರಹ ತೆಗೆದು, 'ಇದು ಫ್ರೀ, ಹಾಕಿಕೋ' ಅಂದ. ತಗೊಂಡೆ. ಬೇಡ ಅನ್ನುವುದಕ್ಕೆ ಮನಸ್ಸು ಬರಲಿಲ್ಲ, ಹೊಳಪು ಅಷ್ಟು ಚೆನ್ನಾಗಿತ್ತು. ಹಳೆ ಬನಿಯನ್ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸ್‌ನಲ್ಲಿ ಇಟ್ಟಿದ್ದೇನೆ. ಆಚೆ ಮೇಜಿನ ಮೇಲೆ ಇವತ್ತು ತಂದಿಟ್ಟಿದ್ದೇನೆ, ನೋಡಿ. ಹಿಂಬದಿ ತಿರುಗಿಸಿ ನೋಡಿ, ಕ್ಲಿಪ್ ಕೂರುವ ಮೊಳೆಗಳು ಕಾಣುತ್ತವೆ. ಅವು ಹೊಕ್ಕಬೇಕಾದ ತೂತುಗಳು ನನ್ನ ಕಾರಿನಲ್ಲಿಲ್ಲ.